ಹಗ್ಗದ ಆಚೆ ತುದಿ

“ಗುರುಗಳೇ,” ಎಂದು ಶಿಷ್ಯ ಕೇಳಿದ, “ಯುದ್ಧ ಮುಗಿದ ನಾಡಿನಲ್ಲಿ ಜನರಿಗೆ ಮೊದಲು ಶಾಂತಿ ಬೇಕು, ಸೂರು ಬೇಕು, ಕೂಳು ಬೇಕು. ಅಲ್ಲಿಗೆ ಹೋಗಿ ಕಾಡು ಉಳಿಸಿ ಎನ್ನುವುದು ಹೊಟ್ಟೆ ತುಂಬಿದವರ ಮಾತಲ್ಲವೇ?”

ಗುರು ಹೇಳಿದರು:

ಎರಡು ರಾಜ್ಯಗಳ ನಡುವೆ ಒಂದು ಕಾಡಿತ್ತು. ಅದು ಯಾರದೆಂದು ಇಬ್ಬರು ಅರಸರೂ ಬಹುಕಾಲ ಕಾದಾಡಿದರು. ಕಾಡಿನಲ್ಲಿ ವಾಸವಾಗಿದ್ದವರನ್ನು ಕೇಳಿದ್ದರೆ ಹೇಳುತ್ತಿದ್ದರು, ಕೇಳುವುದು ಪದ್ಧತಿಯಲ್ಲ.

ಆ ಕಾಡಿನ ಈಚೆ ಅಂಚಿನಲ್ಲಿ ಒಬ್ಬ ಜೇನು ಕೀಳುವವನಿದ್ದ. ಹೆಜ್ಜೇನು ಕಟ್ಟುವುದು ಎತ್ತರದ ಮರಗಳಲ್ಲಿ. ಅವನು ಸೊಂಟಕ್ಕೆ ಹಗ್ಗ ಬಿಗಿದು, ಅದನ್ನು ಮೇಲಿನ ಕೊಂಬೆಗೆ ಹಾಯಿಸಿ ಜೋತುಬೀಳಬೇಕು. ಹಗ್ಗದ ಇನ್ನೊಂದು ತುದಿಯನ್ನು ಕೆಳಗೆ ನಿಂತವನು ಹಿಡಿದಿರಬೇಕು. ಅವರಲ್ಲಿ ಒಂದು ಕಟ್ಟಳೆಯಿತ್ತು: ಹಗ್ಗ ಹಿಡಿಯುವವನು ಹೆಂಡತಿಯ ಒಡಹುಟ್ಟಿದವನೇ ಆಗಿರಬೇಕು. ತಂಗಿ ವಿಧವೆಯಾಗುವುದನ್ನು ಅವನಂತೂ ಬಯಸುವುದಿಲ್ಲ.

ಈತನ ಹೆಂಡತಿ ಆಚೆ ರಾಜ್ಯದವಳು. ಹೀಗಾಗಿ ಸೈನ್ಯಗಳು ಬಡಿದಾಡುತ್ತಿದ್ದ ಕಾಲದಲ್ಲೂ ಜೇನು ಬಲಿತಾಗ ಶತ್ರುರಾಜ್ಯದ ಭಾವಮೈದ ಬಂದು ಹಗ್ಗ ಹಿಡಿಯುತ್ತಿದ್ದ. ಎರಡೂ ಕಡೆಯ ಕಾವಲುಗಾರರು ಕಂಡೂ ಕಾಣದಂತಿರುತ್ತಿದ್ದರು. ಅವರಿಗೂ ಒಂದು ಪಾಲು ಜೇನು ಸಿಗುತ್ತಿತ್ತು. ಅಂಥ ಮನೆಗಳು ಆ ಕಾಡಿನಲ್ಲಿ ಅನೇಕವಿದ್ದವು.

ಕೊನೆಗೆ ಅರಸರು ದಣಿದರು. ಒಪ್ಪಂದವಾಯಿತು. ಆಗ ಮರದ ವ್ಯಾಪಾರಿಯೊಬ್ಬ ಇಬ್ಬರ ಬಳಿಗೂ ಹೋದ. ಕಾಡಿದ್ದರೆ ತಾನೆ ಅಡಗಿ ಕಾದಾಡುವುದು, ಕಡಿದುಬಿಟ್ಟರೆ ಜಗಳದ ಮೂಲವೇ ಹೋಯಿತು, ಆ ಮರದಲ್ಲಿ ಸುಟ್ಟ ಊರುಗಳನ್ನೂ ಕಟ್ಟಬಹುದು ಎಂದ. ಇಬ್ಬರು ಅರಸರೂ ತಕರಾರಿಲ್ಲದೆ ಒಪ್ಪಿದರು. ಈಚೆ ರಾಜ್ಯದ ಮಂತ್ರಿ ಅದಕ್ಕೆ ಶಾಂತಿಯ ಕೆಲಸವೆಂದು ಹೆಸರಿಟ್ಟ.

ಜೇನು ಕೀಳುವವನು ಭಾವಮೈದನನ್ನು ಕರೆದುಕೊಂಡು ತನ್ನ ಅರಸನ ಆಸ್ಥಾನಕ್ಕೆ ಬಂದ.

“ಬುದ್ಧೀ, ನೀವು ಕಾದಾಡಿದಷ್ಟು ಕಾಲವೂ ನನ್ನ ಜೀವ ಇವನ ಕೈಯಲ್ಲಿತ್ತು. ಇವನು ನಿಮ್ಮ ಶತ್ರುವಿನ ಪ್ರಜೆ. ಒಮ್ಮೆಯೂ ಕೈಬಿಡಲಿಲ್ಲ. ಜೇನು ಕಟ್ಟುವ ಮರಗಳನ್ನಾದರೂ ಉಳಿಸಿಕೊಡಿ.”

ಮಂತ್ರಿ ನಕ್ಕ. “ಇನ್ನೂ ಹಗ್ಗ ಯಾಕಯ್ಯಾ? ಒಪ್ಪಂದವಿದೆಯಲ್ಲ, ಅದನ್ನೇ ಸೊಂಟಕ್ಕೆ ಕಟ್ಟಿಕೊಂಡು ಜೋತುಬೀಳು.”

ಸಭೆಯೂ ನಕ್ಕಿತು.

“ಅದರ ಇನ್ನೊಂದು ತುದಿಯನ್ನು ಯಾರು ಹಿಡಿದಿದ್ದಾರೆ, ಸ್ವಾಮಿ?” ಎಂದ ಭಾವಮೈದ.

ಮಂತ್ರಿ ಮುಂದಿನ ಅಹವಾಲಿನವರನ್ನು ಕರೆಸಿದ.

ಕಾಡು ಹೋಯಿತು. ಸುಟ್ಟ ಊರುಗಳಿಗೆ ಒಂದು ತೊಲೆಯೂ ಬರಲಿಲ್ಲ. ಎರಡು ಅರಮನೆಗಳಿಗೆ ಹೊಸ ಕಂಬಗಳು ಬಂದವು. ಜೇನಿನ ಕಾಲಕ್ಕೆ ಭಾವಮೈದ ಗಡಿಗೆ ಬಂದಾಗ ಕಾವಲುಗಾರ “ಏನು ಕೆಲಸ?” ಎಂದು ಕೇಳಿದ. ಹೇಳಲು ಕೆಲಸವಿರಲಿಲ್ಲ. ಹಿಂದಿರುಗಿದ. ಅಲ್ಲಿಂದಾಚೆಗೆ ಗಡಿಯಾಚೆಯ ಹೆಣ್ಣು ತರುವುದನ್ನೂ ಜನ ಬಿಟ್ಟರು.

ಕಾಡಿಲ್ಲದೆ ಹಳ್ಳಗಳು ಬತ್ತಿದವು. ಗಡಿಯಲ್ಲಿ ಒಂದೇ ಒಂದು ಹೊಂಡ ಉಳಿಯಿತು. ಜೇನು ಕೀಳುವವನು ಈಗ ಆಡು ಸಾಕುತ್ತಿದ್ದ. ಒಂದು ಬೇಸಿಗೆಯಲ್ಲಿ ಅವುಗಳನ್ನು ಹೊಂಡಕ್ಕೆ ಹೊಡೆದುಕೊಂಡು ಹೋದ. ಆಚೆ ದಡಕ್ಕೆ ದನ ಹೊಡೆದುಕೊಂಡು ಬಂದವರಲ್ಲಿ ಭಾವಮೈದನೂ ಇದ್ದ. ನೀರು ಎರಡೂ ಕಡೆಗೆ ಸಾಲದು. ಮಾತು ಬೆಳೆಯಿತು, ಸೈನಿಕರು ಬಂದರು, ಬಾಣಗಳು ಹಾರಿದವು. ಜೇನು ಕೀಳುವವನು ಕೆಸರಿಗೆ ಬಿದ್ದ. ಭಾವಮೈದ ಅವನನ್ನು ಹಿಡಿಯಲು ಓಡಿದ. ಅವನದೇ ರಾಜ್ಯದ ಸೈನಿಕರು ಅವನನ್ನು ತಡೆದು ನಿಲ್ಲಿಸಿದರು. ಅವನ ತಂಗಿ ವಿಧವೆಯಾದಳು.

ಯುದ್ಧ ಮತ್ತೆ ಶುರುವಾಯಿತು. ಎರಡೂ ಕೋಟೆಗಳ ಬಾಗಿಲಿಗೆ ಮರ ಬೇಕಾಯಿತು. ವ್ಯಾಪಾರಿಯ ಬಳಿ ದಾಸ್ತಾನಿತ್ತು. ಅವನು ಇಬ್ಬರಲ್ಲಿ ಭೇದ ಮಾಡಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಕೆಂಪಾಗಿತ್ತು.

“ಎಂಥ ಅನ್ಯಾಯ, ಗುರುಗಳೇ! ಮೊದಲ ಬಾಣ ಬಿಟ್ಟವರು ಯಾವ ಕಡೆಯವರು?”

“ಮೊದಲ ಕೊಡಲಿ ಹಾಕಿದವರು ಯಾವ ಕಡೆಯವರೆಂದು ನೀನು ಕೇಳಲಿಲ್ಲ,” ಎಂದರು ಗುರು.