ಚೆನ್ನಾಗಿರುವ ಹಣ್ಣು ನಡೆಯುವುದಿಲ್ಲ

ಈ ಕತೆಯನ್ನು ನನಗೆ ಮೊದಲು ಹೇಳಿದವರು ಹಂಸವೇಣಿ ಮೇಡಂ. ಕಾಲೇಜಿನಲ್ಲಿ ನಮಗೆ ಅರ್ಥಶಾಸ್ತ್ರ ಕಲಿಸುತ್ತಿದ್ದರು. ಬೇಡಿಕೆ, ಪೂರೈಕೆ ಎಂದು ವರ್ಷವಿಡೀ ಬೋರ್ಡಿನ ಮೇಲೆ ಗೆರೆ ಎಳೆದು ಸಾಕಾಗಿ, ಕೊನೆಯ ತರಗತಿಯ ದಿನ ಸೀಮೆಸುಣ್ಣ ಕೆಳಗಿಟ್ಟು ಇದನ್ನು ಹೇಳಿದರು. ಅವರು ಹೇಳಿದ್ದು ಹೀಗೆ.

"ಗುರುಗಳೇ, ಒಳ್ಳೆಯ ಕೆಲಸ ದೊಡ್ಡದಾಗಿ ಬೆಳೆದರೆ ಇನ್ನೂ ಒಳ್ಳೆಯದೇ ಅಲ್ಲವೇ?" ಎಂದು ಶಿಷ್ಯೆಯೊಬ್ಬಳು ಕೇಳಿದಳು.

ಅವಳು ಮದುವೆ ಛತ್ರಗಳಲ್ಲಿ ಮಿಕ್ಕ ಅಡುಗೆಯನ್ನು ತಂದು, ಆಸ್ಪತ್ರೆಯ ಬಾಗಿಲಲ್ಲಿ ಕಾದು ಕೂತವರಿಗೆ ಬಡಿಸುತ್ತಿದ್ದಳು. ಒಂದೇ ಊರಿನ ಕೆಲಸ. ಈಗ ದಾನಿಗಳು ಮುಂದೆ ಬಂದು, ಹತ್ತು ಊರಿಗೆ ಹಬ್ಬಿಸಿ, ಖರ್ಚು ನಮ್ಮದು ಎಂದಿದ್ದರು. ಮರುದಿನ ಅವಳು ಹೂಂ ಎನ್ನಬೇಕಿತ್ತು, ಇಲ್ಲವೇ ಊಹೂಂ ಎನ್ನಬೇಕಿತ್ತು.

ಗುರುಗಳು ದಣಿದಿದ್ದರು. ಆ ದಿನ ಅದೇ ಪ್ರಶ್ನೆಯನ್ನು ಹೊತ್ತು ಬಂದವರಲ್ಲಿ ಅವಳು ಮೂರನೆಯವಳು.

"ಕೂತ್ಕೋ ತಾಯಿ. ಉಪದೇಶ ಮಾಡುವಷ್ಟು ಶಕ್ತಿ ನನಗಿಲ್ಲ. ಒಂದು ಕತೆ ಇದೆ. ಬೇಕಾದರೆ ತಗೋ" ಎಂದರು.

ಒಬ್ಬ ಹೆಂಗಸು ಇದ್ದಳು. ಅವಳ ಊರಿನ ಸುತ್ತ ಮೂಸಂಬಿ ತೋಟಗಳು. ಮಂಡಿಯ ವರ್ತಕರು ನುಣುಪಾದ ಹಣ್ಣನ್ನು ಮಾತ್ರ ಕೊಳ್ಳುತ್ತಿದ್ದರು. ಗಾಳಿಗೆ ರೆಂಬೆ ತಾಗಿ ಗೀರಾದದ್ದು, ಹುಳು ಸಿಪ್ಪೆಯನ್ನಷ್ಟೇ ಕೆರೆದದ್ದು, ಎಲ್ಲವೂ ತಿಪ್ಪೆಗೆ. ಒಳಗೆ ರಸ ಅದೇ, ರುಚಿ ಅದೇ. ಹೆಂಗಸಿಗೆ ಸಂಕಟವಾಯಿತು. ತಿಪ್ಪೆಗೆ ಹೋಗುವ ಹಣ್ಣಿಗೆ ಬೆಲೆ ಕೊಟ್ಟು ಕೊಂಡಳು. ರಸ ಹಿಂಡಿ ಮಾರಿದಳು. ನೀರು ಬೆರೆಸಲಿಲ್ಲ, ಸಕ್ಕರೆ ಸುರಿಯಲಿಲ್ಲ. ಅಂಗಡಿಯ ಮುಂದೆ 'ಕಲೆ ಬಿದ್ದ ಹಣ್ಣಿನ ರಸ' ಎಂದೇ ಬರೆಸಿದಳು.

ಜನ ಮೊದಲು ನಕ್ಕರು. ಆಮೇಲೆ ಕುಡಿದರು. ಆಮೇಲೆ ನೆಂಟರನ್ನೂ ಕರೆತಂದರು.

ಒಂದು ಅಂಗಡಿ ಎಂಟಾಯಿತು. ಎಂಟು ಸೇರಿ ಕಂಪನಿಯಾಯಿತು. ರಸದ ಜೊತೆಗೆ ಸಪೋಟ, ಬಾಳೆ ರುಬ್ಬಿದ ಸ್ಮೂದಿಯೂ ಬಂತು. ನೂರು ಜನಕ್ಕೆ ಕೆಲಸ ಸಿಕ್ಕಿತು. ತಿಪ್ಪೆಗಳು ಸಣ್ಣವಾದವು. ಅವಳ ಮಾತು ಬಾಟಲಿಗಳ ಮೇಲೆ ಅಚ್ಚಾಯಿತು: 'ಯಾರಿಗೂ ಬೇಡವಾದ ಹಣ್ಣು ಮಾತ್ರ.' ಜನ ಆ ಮಾತನ್ನು ನೋಡಿಯೇ ಕೊಳ್ಳುತ್ತಿದ್ದರು.

ಅವಳು ಮಾತಿಗೆ ತಪ್ಪುವವಳಲ್ಲ. ಕಾರ್ಖಾನೆಯ ಗೇಟಿನಲ್ಲಿ ಒಬ್ಬನನ್ನು ಕೂರಿಸಿದಳು. ಬುಟ್ಟಿಯಲ್ಲಿ ಕಲೆಯಿಲ್ಲದ ಹಣ್ಣು ಕಂಡರೆ ಆಯ್ದು ವಾಪಸ್ ಕೊಡುವುದು ಅವನ ಕೆಲಸ.

"ಇದು ಚೆನ್ನಾಗಿದೆ ಕಣಪ್ಪ, ನಡೆಯಲ್ಲ" ಎನ್ನುತ್ತಿದ್ದ ಅವನು.

ಒಬ್ಬ ರೈತ ಸಿಟ್ಟಾಗಿ ಹೇಳಿದ: "ಮಂಡಿಯಲ್ಲಿ ಕಲೆ ಇದೆ ಅಂತ ಬೈತಾರೆ. ಇಲ್ಲಿ ಇಲ್ಲ ಅಂತ ಬೈತೀಯ. ದೇವರು ಎಂಥ ಹಣ್ಣು ಕೊಡಬೇಕು ಅಂತ ನೀವಿಬ್ಬರೂ ಒಂದ್ಕಡೆ ಕೂತು ತೀರ್ಮಾನ ಮಾಡಿಬಿಡಿ ಮಾರಾಯ."

ಶಿಷ್ಯೆ ನಕ್ಕಳು. ಗುರುಗಳು ನಗಲಿಲ್ಲ.

ಒಂದು ವರ್ಷ ಗಾಳಿ ಬೀಸಲಿಲ್ಲ, ಹುಳುವೂ ಬೀಳಲಿಲ್ಲ. ಸುತ್ತಲಿನ ತೋಟಗಳಲ್ಲಿ ಹಣ್ಣು ತೊಳೆದಿಟ್ಟಂತೆ ಬಂತು. ಊರಿಗೆ ಅದು ಹಬ್ಬವಾಗಬೇಕಿತ್ತು. ಆದರೆ ಮಂಡಿಯಲ್ಲಿ ಹಣ್ಣು ರಾಶಿ ಬಿದ್ದು ಬೆಲೆ ಕುಸಿಯಿತು. ಇತ್ತ ಕಾರ್ಖಾನೆಗೆ ಕಲೆ ಬಿದ್ದ ಹಣ್ಣೇ ಬರಲಿಲ್ಲ. ಯಂತ್ರಗಳು ನಿಂತವು. ನೂರು ಜನ ಕೈಕಟ್ಟಿ ಕೂತರು. ಅಂಗಡಿಗಳಿಂದ ಬಾಟಲಿ ಎಲ್ಲಿ, ಬಾಟಲಿ ಎಲ್ಲಿ ಎಂದು ಫೋನು. ಹೆಂಗಸು ದೇವರ ಮುಂದೆ ನಿಂತು, "ಈ ವರ್ಷ ಒಂದು ಹುಳುವೂ ಬೀಳಲಿಲ್ಲವಲ್ಲಪ್ಪ" ಎಂದು ಕಣ್ಣೀರು ಹಾಕಿದಳು. ಏನು ಬೇಡುತ್ತಿದ್ದೇನೆ ಎಂದು ಅವಳಿಗೆ ತಿಳಿಯಲಿಲ್ಲ.

ಬೇರೆ ದಾರಿ ಕಾಣದೆ ಅವಳು ಕಲೆ ಬಿದ್ದ ಹಣ್ಣಿನ ಬೆಲೆ ಏರಿಸಿದಳು. ಅದು ಒಳ್ಳೆಯ ಹಣ್ಣಿನ ಬೆಲೆಯನ್ನು ದಾಟಿತು. ವಾರ ಕಳೆಯುವಷ್ಟರಲ್ಲಿ ಗೇಟಿನ ಮುಂದೆ ಲಾರಿಗಳ ಸಾಲು. ಬುಟ್ಟಿ ಬುಟ್ಟಿಯೂ ಕಲೆ. ಗೇಟಿನವನಿಗೆ ವಾಪಸ್ ಕೊಡಲು ಒಂದು ಹಣ್ಣೂ ಸಿಗಲಿಲ್ಲ.

ರೈತರಿಗೆ ಕೈಮುಗಿದು ಬರೋಣವೆಂದು ಅವಳು ತೋಟಗಳ ಕಡೆಗೆ ಹೋದಳು. ಮೊದಲ ಮನೆಯ ಅಂಗಳದಲ್ಲೇ ರೈತನ ಹೆಂಡತಿಯೊಬ್ಬಳು ಮೂಸಂಬಿಯ ರಾಶಿ ಹಾಕಿಕೊಂಡು ಕೂತಿದ್ದಳು. ಒಂದೊಂದು ಹಣ್ಣನ್ನೂ ಎತ್ತಿ ಇಟ್ಟಿಗೆ ಚೂರಿನಿಂದ ಉಜ್ಜುತ್ತಿದ್ದಳು.

"ಏನಮ್ಮ ಇದು?"

ಬಂದವಳು ಯಾರೆಂದು ರೈತನ ಹೆಂಡತಿಗೆ ಗೊತ್ತಿರಲಿಲ್ಲ. "ಕಂಪನಿಗೆ ಅಕ್ಕಾ. ಉಜ್ಜದೆ ಕಳಿಸಿದರೆ ಗೇಟಲ್ಲೇ ವಾಪಸ್. ಇದಕ್ಕೆ ಕೈ ಹಗುರ ಇರಬೇಕು. ಜೋರಾಗಿ ಉಜ್ಜಿದರೆ ಸಿಪ್ಪೆ ಒಡೆದು ಹಣ್ಣೇ ಕೊಳೀತದೆ. ನಮ್ಮತ್ತೆಗೆ ಈ ಕೆಲಸ ಬರಲ್ಲ. ಮೊನ್ನೆ ಎರಡು ಬುಟ್ಟಿ ತಿಪ್ಪೆಗೆ ಹಾಕಿಸಿದ್ರು."

"ಒಳ್ಳೆ ಹಣ್ಣನ್ನು ಯಾಕಮ್ಮ ಕೆಡಿಸ್ತೀಯ?"

ರೈತನ ಹೆಂಡತಿ ಅವಳನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು. "ನಾವು ಕೆಡಿಸದೆ ಇದ್ರೆ ಆ ಮಹಾತಾಯಿ ಉಳಿಸೋದು ಏನನ್ನ?"

ಹೆಂಗಸು ಕಾರಿಗೆ ಹಿಂತಿರುಗಿ ಕೂತಳು. ಗೇಟಿನವನನ್ನು ಆ ಜಾಗದಿಂದ ಎಬ್ಬಿಸಿದರೆ ಬಾಟಲಿಯ ಮೇಲಿನ ಮಾತು ಸುಳ್ಳಾಗುತ್ತದೆ. ಎಬ್ಬಿಸದಿದ್ದರೆ ಊರೂರಿನ ಅಂಗಳಗಳಲ್ಲಿ ಹಣ್ಣಿಗೆ ಇಟ್ಟಿಗೆ ಉಜ್ಜುವುದು ನಿಲ್ಲುವುದಿಲ್ಲ. ಇಷ್ಟು ವರ್ಷದಲ್ಲಿ ಒಂದು ಸುಳ್ಳನ್ನೂ ಹೇಳದೆ ತಾನು ಇಲ್ಲಿಗೆ ಹೇಗೆ ಬಂದೆ ಎಂದು ಅವಳಿಗೆ ಹೊಳೆಯಲಿಲ್ಲ.

ಮರುದಿನ ಗೇಟಿನವನನ್ನು ಎಬ್ಬಿಸಿದಳು. ಕಲೆ ಇರಲಿ ಬಿಡಲಿ, ಎಲ್ಲ ಹಣ್ಣಿಗೂ ಒಂದೇ ಬೆಲೆ ಎಂದಳು. ಬಾಟಲಿಯ ಮೇಲಿನ ಮಾತನ್ನು ತೆಗೆಸಿದಳು. ಕೊಳ್ಳುವವರಲ್ಲಿ ಅರ್ಧದಷ್ಟು ಜನ, "ಹಾಗಾದರೆ ನೀವೂ ಎಲ್ಲರಂತೆಯೇ" ಎಂದು ಬೇರೆ ಕಡೆಗೆ ಹೋದರು. ಎಂಟು ಅಂಗಡಿ ಮೂರಕ್ಕೆ ಇಳಿಯಿತು. ರಸ ಮಾತ್ರ ಮೊದಲಿನ ಹಾಗೇ ಇತ್ತು.

ಗುರುಗಳು ಕಣ್ಣು ಮುಚ್ಚಿ ಗೋಡೆಗೆ ಒರಗಿದರು.

ಶಿಷ್ಯೆಗೆ ಸಮಾಧಾನವಾಗಲಿಲ್ಲ. "ಅವಳು ಎಡವಿದ್ದು ಎಲ್ಲಿ ಗುರುಗಳೇ? ಬೆಳೆದದ್ದೇ ತಪ್ಪೇ? ನಾಳೆ ನಾನು ದಾನಿಗಳಿಗೆ ಏನು ಹೇಳಲಿ?"

"ಹೂಂ ಎನ್ನುವುದಕ್ಕೆ ಮುಂಚೆ ಒಂದು ನೋಡಿಕೋ ತಾಯಿ: ಹತ್ತೂ ಊರಿನ ಛತ್ರಗಳಲ್ಲಿ ಒಂದಗುಳೂ ಮಿಗದ ದಿನ ಬಂದರೆ, ನೀನು ನಗುತ್ತೀಯೋ, ಅಳುತ್ತೀಯೋ?"

 

ಮೇಡಂ ಹೇಳಿದ ಕತೆ ಇಲ್ಲಿಗೆ ನಿಲ್ಲುತ್ತದೆ. ಒಳ್ಳೆಯ ಕೆಲಸಕ್ಕೆ ಟೊಂಕ ಕಟ್ಟಿ ಹೊರಟವರು ಯಾರಾದರೂ ಎದುರಾದರೆ ಇನ್ನು ಮುಂದೆ ನೀವು ಹೇಳಿ. ನನಗೆ ಹೇಳಿ ಹೇಳಿ ಸಾಕಾಗಿದೆ.