ಕಂಚುಗಾರ ಮೋನಪ್ಪನ ಗಂಟೆ

ಒಂದೂರಂತೆ, ಆ ಊರ ಮಗ್ಗುಲಿಗೊಂದು ಹೊಳೆಯಂತೆ. ಹೊಳೆ ಉಕ್ಕಿದರೆ ಏಳು ಹಳ್ಳಿಗೂ ಕೇಳುವಂಥ ಗಂಟೆ ಬೇಕು ಅಂತ ಅಲ್ಲಿಯ ರಾಜ ಡಂಗುರ ಸಾರಿಸಿದ. ಮನೆಮನೆಯವರೂ ಕಂಚಿನ ಬಟ್ಟಲು, ತಟ್ಟೆ ತಂದು ರಾಶಿ ಹಾಕಿದರು. ಎರಕ ಹೊಯ್ಯುವ ಕೆಲಸ ಕಂಚುಗಾರ ಮೋನಪ್ಪನ ಪಾಲಿಗೆ ಬಂತು.

ಮೋನಪ್ಪನ ಕೈ ಚಿನ್ನ, ಬಾಯಿ ಬೆಂಕಿ. ಅವನ ಕುಲುಮೆಯಲ್ಲಿ ತಿದಿ ಒತ್ತಲು ಮುದುಕ ದುಗ್ಗಣ್ಣ, ಮಣ್ಣಿನ ಅಚ್ಚು ಕಟ್ಟಲು ಸಂಕವ್ವ. ಹೇಳಿದಷ್ಟು ಮಾಡಿ, ಬಾಯಿ ತೆರೆಯಬೇಡಿ, ಕೆಟ್ಟರೆ ನನ್ನ ಹೆಸರು ಕೆಡೋದು ಅಂತ ಇಬ್ಬರಿಗೂ ತಾಕೀತು ಮಾಡಿದನಂತೆ.

ಸರಿ, ಕಂಚು ಕರಗಿತು. ಉರಿಯ ಬಣ್ಣ ಕಂಡ ದುಗ್ಗಣ್ಣನಿಗೆ ಅದು ಹದಕ್ಕೆ ಬಂದಿಲ್ಲ ಅಂತ ಗೊತ್ತಾಯಿತು. ಅಚ್ಚು ಮುಟ್ಟಿದ ಸಂಕವ್ವನಿಗೆ ಒಳಗಿನ್ನೂ ತೇವ ಇದೆ ಅಂತ ಗೊತ್ತಾಯಿತು. ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಮೋನಪ್ಪ ಹೊಯ್ದೇಬಿಟ್ಟ. ಮೂರು ದಿನ ತಣಿಸಿ, ಅಚ್ಚು ಒಡೆದು ಬಡಿದರೆ, ಒಡಕು ಮಡಕೆಯ ಸದ್ದು.

ಬರುವ ಹುಣ್ಣಿಮೆಗೆ ಗಂಟೆ ಆಗದಿದ್ದರೆ ಊರು ಬಿಡು ಅಂದ ರಾಜ. ಮಳೆಗಾಲ ಬೇರೆ ಬಾಗಿಲಿಗೆ ಬಂದಿತ್ತು. ಕಂಚು ಹದಕ್ಕೆ ಬಂದಿರಲಿಲ್ಲ ಕಣಪ್ಪ ಅಂತ ದುಗ್ಗಣ್ಣ ಈಗ ಗೊಣಗಿದ್ದೇ ತಡ, ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಂತ ಮೋನಪ್ಪ ರೇಗಿದ.

“ಬಾಯಿ ತೆರೆಯಬೇಡಿ ಅಂದವನು ನೀನೇ ಅಲ್ವೇನಪ್ಪಾ?” ಅಂದಳು ಸಂಕವ್ವ.

ಮಾರನೇ ದಿನ ಮೋನಪ್ಪ ಬಂದು ಇಬ್ಬರ ಪಕ್ಕ ನೆಲದ ಮೇಲೆ ಕೂತ. ನಿಮಗೆ ತಿಳಿದದ್ದು ನನಗೂ ಹೇಳಿ ಅಂತ ಕೇಳಿದ.

ಹೊಸ ಅಚ್ಚು ಕಟ್ಟಿದ್ದಾಯಿತು. ಹುಣ್ಣಿಮೆಗೆ ಐದೇ ದಿನ. ಮೋನಪ್ಪ ಒಲೆ ಹೊತ್ತಿಸಲು ಹೊರಟ.

“ತಡಿ, ಇನ್ನೆರಡು ದಿನ ಒಣಗಲಿ,” ಅಂದಳು ಸಂಕವ್ವ.

ಒಣಗಲು ಎರಡು, ತಣಿಯಲು ಮೂರು. ತಪ್ಪಿದರೆ ಮತ್ತೆ ಹೊತ್ತಿಲ್ಲ. ಆದರೂ ಮೋನಪ್ಪ ಕೈಕಟ್ಟಿ ಕೂತ. ಎರಡು ದಿನ ಕಳೆದು ಕಂಚು ಕಾಯಿಸಿದಾಗ, ದುಗ್ಗಣ್ಣ ತಿದಿ ಬಿಡದೆ ಉರಿಯನ್ನೇ ನೋಡಿ ನೋಡಿ, “ಈಗ ಹೊಯ್ಯಿ,” ಅಂದ. ಮೋನಪ್ಪ ಹೊಯ್ದ.

ಹುಣ್ಣಿಮೆಯ ಬೆಳಗ್ಗೆ ಗಂಟೆ ಬಡಿದರೆ ಆಚೆ ದಡದಲ್ಲಿ ಮೇಯುತ್ತಿದ್ದ ದನ ತಲೆಯೆತ್ತಿ ನೋಡಿದವಂತೆ.

ಗಂಟೆ ಮಾಡಿದವನನ್ನು ಕರೆತನ್ನಿ ಅಂತ ಅರಮನೆಯಿಂದ ಆಳು ಬಂದ. ಹೋದವರು ಮೂವರು. ಕರೆದದ್ದು ಒಬ್ಬನನ್ನಲ್ಲವೇ ಅಂತ ರಾಜ ಕೇಳಿದ.

“ಒಬ್ಬನೇ ಮಾಡಿದ್ದು ಒಡಕು ಗಂಟೆ, ಒಡೆಯಾ. ಈ ಗಂಟೆ ಮಾಡಿದವರು ನಾವು,” ಅಂದ ಮೋನಪ್ಪ.

ರಾಜ ನಕ್ಕು, ಮೂವರಿಗೂ ಊಟದ ಎಲೆ ಹಾಕಿಸಿ, ತಾನೂ ಪಂಕ್ತಿಗೆ ಕೂತನಂತೆ.

ಗಂಟೆ ಗೋಪುರ ಏರಿತು, ಕಥೆ ಊರೂರು ಸೇರಿತು, ಕೇಳಿದ ನೀವೂ ತಣ್ಣಗಿರಿ.