ಖಡಕ್ ರೊಟ್ಟಿಯೂ ಹಲ್ಲಿನ ಕ್ಯಾಪೂ

“ಗುರುಗಳೇ, ಒಂದೇ ಸಲ ಕೇಳಿ ಪಾಠ ಒಪ್ಪಿಸುವವನು ನಾನು. ಎಷ್ಟು ಸಲ ಹೇಳಿದರೂ ತಡವರಿಸುವವನು ಚನ್ನಮಲ್ಲ. ಆದರೂ ದಿನಾ ನೀವು ಅವನ ಪಕ್ಕದಲ್ಲೇ ಕೂರುವುದೇಕೆ?”

ಕೇಳಿದವನು ಶಿಷ್ಯ ಅಡಿವೆಪ್ಪ. ಬಗಲಲ್ಲಿ ಬಟ್ಟೆಯ ಗಂಟಿತ್ತು. ಉತ್ತರ ಒಪ್ಪಿಗೆಯಾಗದಿದ್ದರೆ ಮಠ ಬಿಟ್ಟು ಹೊರಡುವವನಿದ್ದ.

ಗುರುಗಳು ಗಂಟನ್ನು ನೋಡಿ ಗಡ್ಡ ನೀವಿಕೊಂಡರು. “ಕೂತುಕೋ. ಹೋಗುವವನು ಒಂದು ಕತೆ ಕಟ್ಟಿಕೊಂಡು ಹೋಗು, ದಾರಿಬುತ್ತಿಗಾದೀತು. ನಡೆದದ್ದನ್ನೇ ಹೇಳುತ್ತೇನೆ. ನಾನು ಸುಳ್ಳು ಹೇಳುವುದು ಅಮಾವಾಸ್ಯೆಯ ದಿನ ಮಾತ್ರ. ಆ ದಿನ ಸುತ್ತಲಿನ ಊರುಗಳಲ್ಲಿ ನನ್ನನ್ನು ಮೀರಿಸುವವರಿಲ್ಲ, ಅದು ಬೇರೆ ಮಾತು.”

ಹೀಗೆಂದು ಹೇಳತೊಡಗಿದರು.

ಒಬ್ಬ ಅತ್ತೆಗೆ ಇಬ್ಬರು ಅಳಿಯಂದಿರು. ಕಿರಿಯಳಿಯನ ಹಲ್ಲು ಎಂಥವೆಂದರೆ, ಅವನು ಕಬ್ಬು ತಿನ್ನಲು ಕೂತರೆ ಗಾಣದ ಎತ್ತುಗಳು ಇನ್ನು ನಮಗೆ ಕೆಲಸವಿಲ್ಲವೆಂದು ಮಲಗಿಬಿಡುತ್ತಿದ್ದವು. ಹಿರಿಯಳಿಯನ ಒಂದು ದವಡೆಹಲ್ಲು ಮುರಿದಿತ್ತು. ಹಲ್ಲಿನ ಡಾಕ್ಟರು ಅದನ್ನು ತೇಯ್ದು, ಅಳತೆ ತೆಗೆದು, ಮೇಲೊಂದು ಕ್ಯಾಪು ಕೂರಿಸಿದ್ದರು.

ಪಂಚಮಿಗೆ ಇಬ್ಬರೂ ಅತ್ತೆಯ ಮನೆಗೆ ಬಂದರು. ಊಟಕ್ಕೆ ಕೂತದ್ದೇ ತಡ, “ಹಲ್ಲು ಹ್ಯಾಂಗೈತ್ರಿ ಅಳಿಯಂದಿರೇ?” ಎಂದು ಅತ್ತೆ ಹಿರಿಯನನ್ನು ಕೇಳಿದಳು. ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ ಅವನಿಗೆ ಬಡಿಸಿದಳು. ಕಿರಿಯನ ಎಲೆಗೆ ಬಿದ್ದದ್ದು ಖಡಕ್ ರೊಟ್ಟಿ. “ನಿಮಗೇನ್ರಿ, ಕಲ್ಲು ಕೊಟ್ರೂ ನುಣ್ಣಗ ಮಾಡ್ತೀರಿ,” ಎಂದು ನಕ್ಕಳು.

ಕಿರಿಯನ ಹೊಟ್ಟೆಗೆ ಬೆಂಕಿ ಬಿತ್ತು. ಬಾಯಿ ತುಂಬ ಹಲ್ಲಿದ್ದೂ ತನ್ನನ್ನು ಕೇಳುವವರಿಲ್ಲ. ಒಂದು ಮುರುಕು ಹಲ್ಲಿಗೆ ಇಷ್ಟು ಉಪಚಾರ! ಸ್ವಂತ ಹೆಂಡತಿಯೂ “ಪಾಪ, ಭಾವನ ಹಲ್ಲು” ಎಂದಾಗ ಆ ಬೆಂಕಿಗೆ ತುಪ್ಪ ಸುರಿದಂತಾಯಿತು.

ಹಬ್ಬ ಮುಗಿದದ್ದೇ ಅದೇ ಡಾಕ್ಟರ ಬಳಿಗೆ ಹೋದ. “ನನಗೂ ಒಂದು ಕ್ಯಾಪು ಹಾಕ್ರಿ.”

ಡಾಕ್ಟರು ಬಾಯಿಯೊಳಗೆ ಬೆಳಕು ಬಿಟ್ಟು ನೋಡಿದರು. “ಕ್ಯಾಪು ಕೂರಬೇಕಂದ್ರ ಹಲ್ಲು ಸುತ್ತ ತೇಯಬೇಕಾಗ್ತದ. ತೇಯ್ದದ್ದು ತಿರುಗಿ ಬೆಳೆಯೂದಿಲ್ಲ. ಹೋಗ್ರಿ, ನಿಮ್ಮ ಹಲ್ಲಿಗೆ ಏನೂ ಆಗಿಲ್ಲ!”

ಏನೂ ಆಗಿಲ್ಲವೆಂಬ ಮಾತು ಅವನಿಗೆ ಬೈಗುಳದಂತೆ ಕೇಳಿಸಿತು. ನೇರ ಅಂಗಡಿಗೆ ನಡೆದು ಒಂದು ಗೋಟಡಿಕೆ ಕಚ್ಚಿದ. ಅಡಿಕೆ ಪುಡಿಯಾಯಿತು, ಹಲ್ಲು ಹಾಗೇ ಇತ್ತು. ಇನ್ನೊಂದು ಕಚ್ಚಿದ. ಅದೂ ಪುಡಿ. ಡಬ್ಬಿಯ ಅಡಿಕೆಯೆಲ್ಲ ತೀರಿದ ಮೇಲೆ, ತಕ್ಕಡಿಯ ಕಬ್ಬಿಣದ ಬಟ್ಟನ್ನೇ ತೆಗೆದು ಕಚ್ಚಿದ. ಹಲ್ಲು ಸೀಳಿತು. ಬಟ್ಟು ಏನಾಯಿತೆಂದು ಕೇಳಬೇಡ. ಆ ಅಂಗಡಿಯಲ್ಲಿ ಇಂದಿಗೂ ತೂಕ ಕಡಿಮೆ.

ನೋವಿನಲ್ಲಿ ಗೋಡೆ ಗುದ್ದಿದ, ಡಾಕ್ಟರ ಕುರ್ಚಿಯಲ್ಲಿ ಕಣ್ಣೀರಿಟ್ಟ. ಕೊನೆಗೂ ಕ್ಯಾಪು ಬಂತು.

ದೀಪಾವಳಿಗೆ ಅತ್ತೆಯ ಮನೆಯಲ್ಲಿ ಎಲೆಯ ಮುಂದೆ ಕೂತು, ಯಾರೂ ಕೇಳುವ ಮೊದಲೇ ಅಗಲವಾಗಿ ಬಾಯಿ ತೆರೆದು ತೋರಿಸಿದ. ಅತ್ತೆ ರೊಟ್ಟಿಯ ಬುಟ್ಟಿ ಹಿಡಿದು ಹಾಗೇ ನಿಂತಳು.

“ಎಳ್ಳು ಹಚ್ಚಿ ನಿಮಗಂತ ನಾನೇ ಬಡಿದು ಒಣಗಿಸಿದ್ದೆ. ಹೋಳಿಗಿ ಏನು, ಯಾರಾದರೂ ಮಾಡ್ತಾರ. ನನ್ನ ರೊಟ್ಟಿ ಮುರಿಯೋ ಹಲ್ಲು ಈ ಮನಿಯೊಳಗ ನಿಮ್ಮದೊಂದೇ ಇತ್ತು.”

ಬುಟ್ಟಿ ಒಳಗೆ ಹೋಯಿತು. ಹಾಲಿನಲ್ಲಿ ನೆನೆದ ಹೋಳಿಗೆ ಎಲೆಗೆ ಬಂತು. ಕಿರಿಯ ಅದನ್ನು ಬೆರಳಿನಿಂದ ಸರಿಸುತ್ತ, ಬುಟ್ಟಿ ಹೋದ ಕಡೆಗೇ ನೋಡಿದ.

ಪಕ್ಕದಲ್ಲಿದ್ದ ಹಿರಿಯಳಿಯ ಬಾಗಿ ಪಿಸುಗುಟ್ಟಿದ: “ನನ್ನ ಹಲ್ಲು ಹ್ಯಾಂಗ ಮುರೀತು ಗೊತ್ತೇನು ತಮ್ಮಾ? ನಿನ್ನ ಮದುವಿಯೊಳಗ ನೀ ಹಲ್ಲಿಲೆ ತೆಂಗಿನಕಾಯಿ ಸುಲಿದಿ. ಮಂದಿ ಚಪ್ಪಾಳಿ ಹೊಡೆದ್ರು, ಅತ್ತಿ ನಿನಗ ದೃಷ್ಟಿ ತೆಗೆದ್ರು. ನನಗ ತಡೀಲಿಲ್ಲ. ಹಿತ್ತಲಿಗೆ ಹೋಗಿ ನಾನೂ ಒಂದು ಕಾಯಿ ಕಚ್ಚಿದೆ.”

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಅಡಿವೆಪ್ಪ ಗಂಟನ್ನು ಪಕ್ಕಕ್ಕಿಟ್ಟು ಹೊಟ್ಟೆ ಹಿಡಿದು ನಗುತ್ತಿದ್ದ. “ಎಂಥ ಹುಚ್ಚರು ಗುರುಗಳೇ! ಅವನನ್ನು ಕಂಡು ಇವನು, ಇವನನ್ನು ಕಂಡು ಅವನು!”

ಗುರುಗಳು ಹೇಳಿದರು: “ನಿನ್ನೆ ಚನ್ನಮಲ್ಲನೂ ‘ಅಡಿವೆಪ್ಪನಷ್ಟು ಜ್ಞಾಪಕಶಕ್ತಿ ನನಗೇಕಿಲ್ಲ?’ ಎಂದು ಗಂಟು ಹಿಡಿದು ಬಂದಿದ್ದ; ಇದೇ ಕತೆಗೆ ಅವನೂ ಹೀಗೇ ನಕ್ಕ.”